ದೋಸೆ ಏಳದ ತವಾ

ಹೊಸದರಲ್ಲಿ ಎಣ್ಣೆಯೇ ಬೇಡವೆನ್ನುವಂತೆ ದೋಸೆ ಜಾರಿಸುತ್ತಿದ್ದ ನಾನ್‌ಸ್ಟಿಕ್ ತವಾ ಕೆಲಕಾಲದಲ್ಲೇ ಹಟ ಹಿಡಿಯುತ್ತದೆ. ಅಂಚೇನೋ ಏಳುತ್ತದೆ, ನಡುಭಾಗ ಕಚ್ಚಿಕೊಂಡು ಕೂರುತ್ತದೆ. ಕೋಟಿಂಗ್ ಹೋಯಿತೆಂದು ಗುಜರಿಗೆ ಹಾಕುವ ಮುಂಚೆ ತವಾವನ್ನು ಬೆಳಕಿಗೆ ಹಿಡಿದು ಬೆರಳಾಡಿಸಿ ನೋಡಿ. ಗೀರುಗಳೊಳಗೆ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತಿದ್ದರೆ ಅದರ ಕಾಲ ಮುಗಿಯಿತು. ಬರೀ ಕಂದು ಕಲೆಗಳಿದ್ದು ಕೈಗೆ ತರಿತರಿಯೋ ಅಂಟಂಟೋ ಆದರೆ, ಕೋಟಿಂಗ್ ಬಹುಶಃ ಅಡಿಯಲ್ಲಿ ನೆಟ್ಟಗೇ ಇದೆ. ಮೇಲೆ ಕೂತಿರುವುದು ಸುಟ್ಟ ಎಣ್ಣೆ.

ಆ ಕೋಟಿಂಗ್ ಸಾಮಾನ್ಯವಾಗಿ ಟೆಫ್ಲಾನ್. ಅದು ಸಿಕ್ಕಿದ್ದು ಆಕಸ್ಮಿಕವಾಗಿ. 1938ರ ಏಪ್ರಿಲ್ 6ರಂದು ಅಮೆರಿಕದ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ ಒಂದು ಅನಿಲದ ಸಿಲಿಂಡರ್ ತೆರೆದರು. ಅನಿಲ ಬರಲಿಲ್ಲ, ಆದರೆ ಸಿಲಿಂಡರಿನ ತೂಕವೂ ಇಳಿದಿರಲಿಲ್ಲ. ಕೊಯ್ದು ನೋಡಿದರೆ ಒಳಗೆ ನುಣುಪಾದ ಬಿಳಿ ಪುಡಿ. ಅನಿಲದ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದನೆಯ ಇಂಗಾಲದ ಸರಪಳಿಗಳಾಗಿದ್ದವು. ಸರಪಳಿಯ ಸುತ್ತಲೂ ಫ್ಲೋರಿನ್ ಕವಚ. ಫ್ಲೋರಿನ್ ತನ್ನ ಎಲೆಕ್ಟ್ರಾನುಗಳನ್ನು ಎಷ್ಟು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆಂದರೆ ಹಿಟ್ಟಿಗಾಗಲಿ ಎಣ್ಣೆಗಾಗಲಿ ಅಲ್ಲಿ ಹಿಡಿತವೇ ಸಿಗುವುದಿಲ್ಲ.

ಯಾವುದಕ್ಕೂ ಅಂಟದ ವಸ್ತುವನ್ನು ಲೋಹಕ್ಕೆ ಅಂಟಿಸುವುದು ಹೇಗೆ? ಫ್ರಾನ್ಸಿನ ಎಂಜಿನಿಯರ್ ಮಾರ್ಕ್ ಗ್ರೆಗ್ವಾರ್ 1950ರ ದಶಕದಲ್ಲಿ ದಾರಿ ಕಂಡುಕೊಂಡರು. ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳನ್ನು ಮಾಡಿ, ಟೆಫ್ಲಾನನ್ನು ಅವುಗಳೊಳಗೆ ಸಿಕ್ಕಿಸಿ ಕಾಯಿಸಿದರು. ಈಗಲೂ ತತ್ತ್ವ ಹೆಚ್ಚುಕಡಿಮೆ ಅದೇ: ಮೈ ತರಿ ಮಾಡಿ, ತಳಪದರ ಬಳಿದು, ಅದರ ಮೇಲೆ ಟೆಫ್ಲಾನ್ ಪದರಗಳನ್ನು ಕೊಟ್ಟು ಕುಲುಮೆಯಲ್ಲಿ ಬೇಯಿಸುತ್ತಾರೆ. ಟೆಫ್ಲಾನ್ ಕರಗುವುದೇ 327 ಡಿಗ್ರಿ ಸೆಲ್ಸಿಯಸ್ಸಿಗೆ, ಕುಲುಮೆಯ ಕಾವು ಅದಕ್ಕೂ ಮೇಲೆ. ಹಾಗಾಗಿ ಕಿತ್ತುಹೋದ ಪದರವನ್ನು ಮನೆಯಲ್ಲಿ ಮತ್ತೆ ಕೂರಿಸುವುದು ಆಗದ ಮಾತು.

ಸುಟ್ಟ ಎಣ್ಣೆಯ ಕಥೆ ಬೇರೆ. ಅಡುಗೆ ಎಣ್ಣೆ ತೆಳ್ಳಗೆ ಹರಡಿ ಕಾದಾಗ ಗಾಳಿಯ ಆಮ್ಲಜನಕ ಸೇರಿ ಅದರ ಅಣುಗಳು ಹೆಣೆದುಕೊಳ್ಳುತ್ತವೆ, ಗಟ್ಟಿಯಾದ ಪೊರೆಯಾಗುತ್ತದೆ. ಕಬ್ಬಿಣದ ಕಾವಲಿಯನ್ನು ಪಳಗಿಸುವುದೆಂದರೆ ಇದೇ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲದ್ದಿ ದಿನವೂ ಉಜ್ಜುವವರು ಆ ಪೊರೆಗೆ ಎಳೆ ಎಳೆಯಾಗಿ ಹೊಸ ಪೊರೆ ಸೇರಿಸುತ್ತಿರುತ್ತಾರೆ. ಕಬ್ಬಿಣದ ಮೇಲೆ ಎಣ್ಣೆ ಸಮವಾಗಿ ಹರಡುತ್ತದೆ, ಪೊರೆಯೂ ಸಮವಾಗಿ ಕೂರುತ್ತದೆ. ಟೆಫ್ಲಾನಿನ ಮೇಲಾದರೋ ಎಣ್ಣೆ ಹನಿಹನಿಯಾಗಿ ಗುಂಪುಗೂಡಿ, ನಿಂತಲ್ಲೇ ಸುಟ್ಟು ತೇಪೆಯಾಗುತ್ತದೆ. ಆ ತೇಪೆಯೇ ದೋಸೆಯನ್ನು ಹಿಡಿಯುವುದು. ಕಾವಲಿಗೆ ವರವಾದದ್ದು ತವಾಕ್ಕೆ ಶಾಪ. ಎಣ್ಣೆ ಸವರಿ ಹೊಗೆಯಾಡುವಂತೆ ಕಾಯಿಸಿದರೆ ನಾನ್‌ಸ್ಟಿಕ್ ಹೊಸದಾಗುತ್ತದೆಂಬ ಸಲಹೆಯನ್ನು ನಾನಂತೂ ಯಾರಿಗೂ ಕೊಡಲಾರೆ.

ಈ ತೇಪೆ ತೆಗೆಯಲು ತವಾದಲ್ಲಿ ಒಂದಿಷ್ಟು ನೀರು, ಎರಡು ಚಮಚ ಅಡುಗೆ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಕ್ಷಾರ ಜಿಡ್ಡನ್ನು ಒಡೆಯುತ್ತದೆ, ಕಂದು ಪೊರೆ ಮೆತ್ತಗಾಗುತ್ತದೆ. ಪೂರ್ತಿ ತಣಿದ ಮೇಲೆ ಸ್ಪಂಜಿನಿಂದ ಉಜ್ಜಿ. ಹಳೆಯ ಕಲೆಗೆ ಇದನ್ನೇ ಎರಡು ಮೂರು ಸಲ ಮಾಡಬೇಕಾದೀತು. ಸ್ಟೀಲ್ ನಾರು, ಬೂದಿ, ತರಿ ಇರುವ ಪಾತ್ರೆ ಪುಡಿ ಹತ್ತಿರವೂ ಬೇಡ.

ಕಾವಲಿಯಿಂದ ಬಂದ ಇನ್ನೊಂದು ಅಭ್ಯಾಸ, ಖಾಲಿ ತವಾವನ್ನು ದೊಡ್ಡ ಉರಿಯಲ್ಲಿ ಕಾಯಿಸಿ ಚುರ್ರೆನ್ನುವಂತೆ ನೀರು ಚಿಮುಕಿಸುವುದು. ಟೆಫ್ಲಾನಿಗೆ 260 ಡಿಗ್ರಿಯೇ ಮಿತಿ. ಖಾಲಿ ತವಾ ಕೆಲವೇ ನಿಮಿಷದಲ್ಲಿ ಅದನ್ನು ದಾಟುತ್ತದೆ. ಕಾವು ಇನ್ನೂ ಏರಿದರೆ ಕೋಟಿಂಗ್ ಒಡೆದು ಹೊಗೆ ಬಿಡುತ್ತದೆ. ಮನುಷ್ಯರಿಗೆ ಅದರಿಂದ ಚಳಿಜ್ವರದಂಥ ತೊಂದರೆಯಾಗಬಹುದು. ಪಂಜರದ ಗಿಳಿಗಳು ಸತ್ತೇಹೋಗುತ್ತವೆ. ಕೆಂಡದಂತೆ ಕಾದ ತವಾಕ್ಕೆ ತಣ್ಣೀರು ಬಿದ್ದರೆ ತೆಳು ಅಲ್ಯೂಮಿನಿಯಂ ಸೊಟ್ಟಗಾಗುತ್ತದೆ. ನಡು ಉಬ್ಬಿದರೆ ಎಣ್ಣೆ ಅಂಚಿಗೆ ಹರಿದು ನಡುಭಾಗ ಒಣಗಿ ನಿಲ್ಲುತ್ತದೆ, ಹಿಟ್ಟು ಅಲ್ಲೇ ಕಚ್ಚುತ್ತದೆ. ತವಾವನ್ನು ಮೇಜಿನ ಮೇಲೆ ಕವುಚಿ, ತಳಕ್ಕೆ ಅಡ್ಡಲಾಗಿ ಒಂದು ಸ್ಕೇಲ್ ಇಟ್ಟರೆ ಸೊಟ್ಟ ತಿಳಿಯುತ್ತದೆ. ಅದಕ್ಕೆ ಸೋಡಾ ಏನೂ ಮಾಡಲಾರದು.

ಚಕ್ಕೆ ಹೊಟ್ಟೆಗೆ ಹೋದರೆ ಎಂಬ ಭಯ ಹಲವರಿಗಿದೆ. ಟೆಫ್ಲಾನ್ ಜೀರ್ಣವಾಗದೆ ಹಾಗೇ ಹೊರಹೋಗುತ್ತದೆ. ನಿಜವಾಗಿ ಕಳವಳ ಹುಟ್ಟಿಸಿದ್ದು ಅದರ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕ. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಅದನ್ನು ತೊಡೆದುಹಾಕಬೇಕಾದವುಗಳ ಪಟ್ಟಿಗೆ ಸೇರಿಸಿತು. ಹಾಗೆಂದು ಚಕ್ಕೆ ಏಳುವ ತವಾವನ್ನು ಇಟ್ಟುಕೊಳ್ಳಬೇಕಿಲ್ಲ. ಚೆನ್ನಾಗಿರುವುದನ್ನು ಮರದ ಸಟ್ಟುಗದಲ್ಲಿ, ನಡುವಿನ ಉರಿಯಲ್ಲಿ ಬಳಸಿ. ಒಂದರೊಳಗೊಂದು ಪೇರಿಸಿಡುವಾಗ ನಡುವೆ ಹಳೆಯ ಬಟ್ಟೆ ಹಾಸಿ, ಏಕೆಂದರೆ ಎಷ್ಟೋ ಗೀರುಗಳು ಬೀಳುವುದು ಒಲೆಯ ಮೇಲಲ್ಲ, ಕಪಾಟಿನಲ್ಲಿ.