ಏಳು ಬಣ್ಣದ ಬಟ್ಟಲು

ಎತ್ತರ ಬರೀ 12 ಸೆಂಟಿಮೀಟರ್, ಅಂದರೆ ಅರ್ಧ ಗೇಣು. ಆದರೆ ಈ ಮಣ್ಣಿನ ಲೋಟದ ಮೈಸುತ್ತ ಮೂರು ಸಾಲುಗಳಲ್ಲಿ ಒಂದು ಇಡೀ ಪ್ರೇಮಕಥೆ ಇದೆ. ಇರಾನಿನ ವೀರ ಬಿಜನ್ ಶತ್ರುರಾಜನ ಮಗಳು ಮನಿಜೆಗೆ ಮನಸೋತು ಸಿಕ್ಕಿಬೀಳುತ್ತಾನೆ. ಅವನನ್ನು ಗುಂಡಿಗೆ ತಳ್ಳಿ ಮೇಲೊಂದು ಬಂಡೆ ಮುಚ್ಚುತ್ತಾರೆ. ಮನಿಜೆ ಬೇಡಿ ತಂದ ಅನ್ನದಿಂದ ಅವನ ಜೀವ ಉಳಿಯುತ್ತದೆ. ಕೊನೆಗೆ ಇರಾನಿನ ಮಹಾವೀರ ರುಸ್ತುಂ ಬಂದು ಬಂಡೆ ಎತ್ತುತ್ತಾನೆ.

ಕಥೆ ಫಾರ್ಸಿ ಕವಿ ಫಿರ್ದೌಸಿಯ ಮಹಾಕಾವ್ಯ ‘ಶಾಹನಾಮೆ’ಯದು, ಲೋಟ ಈಗ ವಾಷಿಂಗ್ಟನ್ನಿನ ಫ್ರಿಯರ್ ಸಂಗ್ರಹಾಲಯದಲ್ಲಿದೆ. ಉಳಿದುಬಂದಿರುವ ಸಚಿತ್ರ ‘ಶಾಹನಾಮೆ’ ಹಸ್ತಪ್ರತಿಗಳಲ್ಲಿ ಹಳೆಯವು 1300ರ ಆಸುಪಾಸಿನವು. ಲೋಟ ಅವಕ್ಕಿಂತ ಸುಮಾರು ನೂರು ವರ್ಷ ಹಿರಿಯದು. ಕಾಗದಕ್ಕಿಂತ ಮೊದಲು ಈ ಚಿತ್ರಕಥೆ ನಮಗೆ ಸಿಗುವುದು ಕುಂಬಾರನ ಕೈಯಲ್ಲಿ.

ಈ ಬಗೆಯ ಪಾತ್ರೆಗಳಿಗೆ ‘ಮೀನಾಯಿ’ ಎನ್ನುತ್ತಾರೆ. ನಮ್ಮ ಒಡವೆಯಂಗಡಿಯ ‘ಮೀನಾಕಾರಿ’ಯಲ್ಲಿರುವುದೂ ಅದೇ ‘ಮೀನಾ’. ‘ಹಫ್ತ್ ರಂಗ್’, ಅಂದರೆ ಏಳು ಬಣ್ಣ, ಎಂಬುದು ಇನ್ನೊಂದು ಹೆಸರು. ಇವುಗಳ ತವರು ಇರಾನಿನ ಕಾಶಾನ್.

ಚೀನಾದ ಪಿಂಗಾಣಿಯ ಬಿಳುಪಿಗೆ ಇರಾನಿನ ಕುಂಬಾರರು ಮರುಳಾಗಿದ್ದರು. ಆದರೆ ಆ ಮಣ್ಣು ಅವರಲ್ಲಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿಯನ್ನು ಕಾಶಾನಿನ ಕುಂಬಾರ ಮನೆತನದ ಅಬುಲ್ ಕಾಸಿಂ 1301ರಲ್ಲಿ ಬರೆದಿಟ್ಟಿದ್ದಾನೆ: ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿ ಜೇಡಿಮಣ್ಣು.

ಈ ಹದದ ಬಟ್ಟಲಿಗೆ ತವರ ಬೆರೆತ ಬಿಳಿ ಮೆರುಗು ಬಳಿಯುತ್ತಿದ್ದರು. ಹೆಚ್ಚು ಕಾವು ತಡೆಯುವ ನೀಲಿಯಂಥ ಬಣ್ಣಗಳು ಮೆರುಗಿನೊಂದಿಗೇ ಬೇಯುತ್ತಿದ್ದವು. ಕೆಂಪು, ಕಪ್ಪುಗಳಿಗೆ ಆ ಕಾವು ಆಗದು. ಬೆಂದ ಮೆರುಗಿನ ಮೇಲೆ ಅವನ್ನು ಬರೆದು, ಇಷ್ಟವಿದ್ದರೆ ಚಿನ್ನದ ರೇಕು ಅಂಟಿಸಿ, ಕಡಿಮೆ ಕಾವಿನಲ್ಲಿ ಮತ್ತೆ ಆವಿಗೆಗೆ ಇಡುತ್ತಿದ್ದರು. ಎರಡು ಸಲ ಬೆಂಕಿ ಎಂದರೆ ಹೆಚ್ಚು ಸೌದೆ, ಒಡೆಯುವ ಭಯವೂ ಎರಡು ಸಲ.

ಅಬು ಜಯ್ದ್ ಎಂಬ ಕುಂಬಾರ ಹೆಸರು ಬರೆದು ತಾರೀಕು ಹಾಕಿದ ಬಟ್ಟಲುಗಳು 1180ರ ದಶಕದವು. 1219ರ ಆಚೆ ತಾರೀಕಿರುವ ಮೀನಾಯಿ ಪಾತ್ರೆ ಸಿಕ್ಕಿಲ್ಲ. ಅದೇ ಹೊತ್ತಿಗೆ ಮಂಗೋಲರ ದಾಳಿ. ಈ ತಾರೀಕುಗಳ ಲೆಕ್ಕದಲ್ಲಿ ಈ ಕಲೆಯದು ನಲವತ್ತು ವರ್ಷವೂ ತುಂಬದ ಆಯುಷ್ಯ.

ಸಂಗ್ರಹಾಲಯದಲ್ಲಿ ಇಂಥ ಬಟ್ಟಲು ಕಂಡರೆ ಮುಖಗಳನ್ನಷ್ಟೇ ನೋಡಿ ಮುಂದೆ ಹೋಗಬೇಡಿ, ಸಂದಿಗಳನ್ನು ಹುಡುಕಿ. ಬಹುಪಾಲು ಚೂರುಗಳಾಗಿ ಸಿಕ್ಕಿದವು. ಮಾರುವವರು ಅವನ್ನು ಜೋಡಿಸಿ, ಬಿಟ್ಟುಹೋದ ಕಡೆ ಹೊಸ ಬಣ್ಣ ಬಳಿಸಿದ್ದೂ ಉಂಟು. ಗೆರೆ ಎಲ್ಲಿ ಅಳುಕುತ್ತದೋ ಅಲ್ಲಿ ಅನುಮಾನಪಡಿ.

ಕಾಶಾನಿನ ಕೀರ್ತಿ ಎಂಥದ್ದೆಂದರೆ ಫಾರ್ಸಿಯಲ್ಲಿ ಮೆರುಗಿನ ಬಿಲ್ಲೆಗೆ ಹೆಸರೇ ‘ಕಾಶಿ’. ಆ ಬಿಲ್ಲೆಯ ಪರಂಪರೆ ನಮ್ಮ ನೆಲಕ್ಕೂ ಬಂತು. ಇರಾನಿನ ಗಿಲಾನಿನಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯ ಮೇಲೆ ನೀಲಿ, ಹಸಿರು, ಹಳದಿ ಬಿಲ್ಲೆಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಈ ‘ಕಾಶಿ’ಯನ್ನು ನೋಡಲು ಬೀದರಿನ ಬಸ್ಸು ಹತ್ತಿದರೆ ಸಾಕು.