ಮೂಡ್ ಬರಲಿ ಅಂತ ಕಾಯದ ಕಾದಂಬರಿಗಾರ್ತಿ

"ಲೇಖನ ಯಾವಾಗ ಕೊಡ್ತೀಯ?" ಅಂತ ನಮ್ಮ ಸಂಪಾದಕ ಮಹಾಶಯ ಮೆಸ್‌ನಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದ. "ಸ್ವಲ್ಪ ಮೂಡ್ ಬರಲಿ ಮಾರಾಯ" ಅನ್ನೋದು ನನ್ನ ಖಾಯಂ ಉತ್ತರ. ಮೂರು ವಾರವಾಯಿತು. ಮೂಡ್ ಬರಲಿಲ್ಲ, ಇಂಟರ್ನಲ್ಸ್ ಮಾತ್ರ ಬಂತು. ಆ ಹೊತ್ತಿನಲ್ಲೇ ನಾನು ನೋರಾ ರಾಬರ್ಟ್ಸ್ ಅನ್ನುವ ಅಮೆರಿಕದ ಲೇಖಕಿಯ ಬಗ್ಗೆ ಓದುತ್ತಾ ಕೂತಿದ್ದೆ. ಈವರೆಗೆ 200ಕ್ಕೂ ಹೆಚ್ಚು ಕಾದಂಬರಿ ಬರೆದಿರುವ ಇವರಿಗೆ ಮೂಡ್ ಅನ್ನುವ ಪದದ ಮೇಲೆ ಒಂಚೂರೂ ನಂಬಿಕೆ ಇಲ್ಲ. ಹಾಗಾಗಿ ಲೇಖನ ಅವರ ಬಗ್ಗೆಯೇ ಆಗಲಿ ಅಂದುಕೊಂಡೆ.

ನೋರಾ ಬರೆಯುವುದು ಪ್ರೇಮ ಕಾದಂಬರಿಗಳನ್ನು. "ಅಯ್ಯೋ, ಅವಾ?" ಅಂತ ಮೂಗು ಮುರಿಯಬೇಡಿ. ನಮ್ಮಲ್ಲೂ ಹೆಂಗಸರು ಬರೆದ ಕಾದಂಬರಿಗಳನ್ನು 'ಅಡುಗೆಮನೆ ಸಾಹಿತ್ಯ' ಅಂತ ತಳ್ಳಿಹಾಕಿದವರು ಇದ್ದರು. ಅದೇ ಕಾದಂಬರಿಗಳನ್ನು ಅಮ್ಮಂದಿರು, ಅಜ್ಜಿಯಂದಿರು ಬಾಡಿಗೆ ಲೈಬ್ರರಿಯಿಂದ ತಂದು, ಒಲೆ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗದ ಹಾಗೆ ಓದಿದರು. ಓದುವವರಿಗೆ ಸುಲಭ ಅನ್ನಿಸುವ ಪುಟವನ್ನು ಬರೆಯುವುದು ಎಷ್ಟು ಕಷ್ಟ ಅನ್ನುವುದು ಬರೆಯಲು ಕೂತಾಗಲೇ ಗೊತ್ತಾಗೋದು.

ನೋರಾ ಹುಟ್ಟಿದ್ದು 1950ರಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ. ಐದು ಮಕ್ಕಳಲ್ಲಿ ಕೊನೆಯವರು, ಒಬ್ಬಳೇ ಹುಡುಗಿ. ಕೆಲಸದಲ್ಲಿನ ಶಿಸ್ತನ್ನು ತನಗೆ ಕಲಿಸಿದ್ದು ಕ್ಯಾಥೊಲಿಕ್ ಶಾಲೆಯ ಸನ್ಯಾಸಿನಿಯರು ಅಂತ ಈಗಲೂ ಹೇಳುತ್ತಾರೆ. ಚಿಕ್ಕ ವಯಸ್ಸಿಗೇ ಮದುವೆಯಾಯಿತು, ಇಬ್ಬರು ಗಂಡುಮಕ್ಕಳಾದರು. 1979ರ ಫೆಬ್ರವರಿಯಲ್ಲಿ ಆ ಭಾಗದಲ್ಲಿ ಭಾರಿ ಹಿಮ ಬಿತ್ತು. ಶಾಲೆಗೆ ರಜೆ, ರಸ್ತೆ ಬಂದ್. ಮನೆಯೊಳಗೆ ಇಬ್ಬರು ತುಂಟ ಹುಡುಗರು, ಖಾಲಿಯಾಗುತ್ತಾ ಬಂದ ಚಾಕೊಲೇಟ್ ಡಬ್ಬಿ. ತಲೆ ಕೆಟ್ಟುಹೋಗಬಾರದು ಅಂತ ನೋರಾ ಒಂದು ನೋಟ್‌ಬುಕ್ ತೆಗೆದುಕೊಂಡು, ತಲೆಯಲ್ಲಿ ಓಡುತ್ತಿದ್ದ ಕಥೆಯೊಂದನ್ನು ಕೈಯಲ್ಲೇ ಬರೆಯಲು ಶುರುಮಾಡಿದರು. ಆಗ ಅವರಿಗೆ 28 ವರ್ಷ.

ಆ ಕಥೆ ಚೆನ್ನಾಗಿರಲಿಲ್ಲ ಅಂತ ಅವರೇ ಒಪ್ಪಿಕೊಳ್ಳುತ್ತಾರೆ. ಆದರೆ ಹಿಮ ಕರಗಿದ ಮೇಲೂ ಬರೆಯೋದು ನಿಲ್ಲಲಿಲ್ಲ. ಒಂದಾದ ಮೇಲೊಂದು ಹಸ್ತಪ್ರತಿ ಪ್ರಕಾಶಕರಿಗೆ ಹೋಯಿತು, ಒಂದಾದ ಮೇಲೊಂದು ವಾಪಸ್ ಬಂತು.

ಇಲ್ಲಿ ಆಗಿನ ಮಾರುಕಟ್ಟೆಯ ಬಗ್ಗೆ ಸ್ವಲ್ಪ ಹೇಳಬೇಕು. ಆಗ ಈ ಕ್ಷೇತ್ರದ ರಾಜ ಅಂದರೆ ಕೆನಡಾದ ಹಾರ್ಲೆಕ್ವಿನ್ ಕಂಪನಿ. ನಮ್ಮ ರೈಲ್ವೆ ಸ್ಟೇಷನ್ ಅಂಗಡಿಗಳಲ್ಲೂ ಕಾಣುವ ಮಿಲ್ಸ್ ಅಂಡ್ ಬೂನ್ ಪುಸ್ತಕಗಳು ಇದರವೇ. ತೆಳ್ಳಗಿನ ಪುಸ್ತಕಗಳು. ಪ್ರತಿ ತಿಂಗಳು ಹೊಸ ಕಂತು ಅಂಗಡಿಗೆ ಬರುತ್ತದೆ, ಹಳೆಯದು ಜಾಗ ಖಾಲಿ ಮಾಡುತ್ತದೆ. ಬರೆಯುವವರಲ್ಲಿ ಹೆಚ್ಚಿನವರು ಬ್ರಿಟಿಷ್ ಕಡೆಯವರು. ನೋರಾ ಹಸ್ತಪ್ರತಿ ಕಳಿಸಿದಾಗ ಬಂದ ಉತ್ತರದ ಸಾರಾಂಶ ಇಷ್ಟು: ನಮ್ಮ ಹತ್ತಿರ ಈಗಾಗಲೇ ಒಬ್ಬ ಅಮೆರಿಕನ್ ಲೇಖಕಿ ಇದ್ದಾರೆ. ಆ ಒಬ್ಬ ಲೇಖಕಿ ಜ್ಯಾನೆಟ್ ಡೇಲಿ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1980ರಲ್ಲಿ ಸೈಮನ್ ಅಂಡ್ ಶುಸ್ಟರ್ ಸಂಸ್ಥೆ ಹಾರ್ಲೆಕ್ವಿನ್‌ಗೆ ಪೈಪೋಟಿಯಾಗಿ ಸಿಲೂಯೆಟ್ ಅನ್ನುವ ಮಾಲಿಕೆ ಶುರುಮಾಡಿತು. ಅವರಿಗೆ ಅಮೆರಿಕದ ಲೇಖಕಿಯರೇ ಬೇಕಿತ್ತು. 1981ರಲ್ಲಿ ನೋರಾ ಅವರ ಮೊದಲ ಕಾದಂಬರಿ 'ಐರಿಶ್ ಥರೋಬ್ರೆಡ್' ಅಲ್ಲಿಂದ ಹೊರಬಂತು. ಬಾಗಿಲು ತೆರೆದಾಗ ಒಳಗೆ ಹೋಗೋಕೆ ಅವರ ಕೈಯಲ್ಲಿ ಬರೆದಿಟ್ಟ ಪುಟಗಳಿದ್ದವು. ಅದೃಷ್ಟ ಅಂತ ಕರೆಯೋದಾದರೆ, ಅದಕ್ಕೆ ಬೇಕಾದ ತಯಾರಿ ಮೊದಲೇ ಆಗಿತ್ತು.

ಈಗ ದಿನಚರಿಗೆ ಬರೋಣ. ದಿನಕ್ಕೆ ಸುಮಾರು ಎಂಟು ಗಂಟೆ, ಆಫೀಸಿಗೆ ಹೋಗುವವರ ಹಾಗೆ, ಮನೆಯಲ್ಲೇ ಕೂತು ಬರೆಯುತ್ತಾರೆ. ಸರಸ್ವತಿ ಒಲಿಯಲಿ ಅಂತ ಕಾಯೋ ಪ್ರಶ್ನೆಯೇ ಇಲ್ಲ. ಗುಟ್ಟೇನು ಅಂತ ಕೇಳಿದವರಿಗೆಲ್ಲ ಅವರು ಕೊಡುವ ಉತ್ತರ ಒಂದೇ: ಕುರ್ಚಿಯಲ್ಲಿ ಕೂರಬೇಕು, ಅಷ್ಟೇ.

ಅವರ ವಿಧಾನ ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಬೇಗ ಅರ್ಥವಾಗುತ್ತದೆ. ಮೊದಲ ಡ್ರಾಫ್ಟ್‌ಗೆ ವಿವರವಾದ ಪ್ಲ್ಯಾನ್ ಇರುವುದಿಲ್ಲ. ಪಾತ್ರಗಳು ಯಾರು, ಸಂದರ್ಭ ಏನು ಅಂತ ಗೊತ್ತಿದ್ದರೆ ಸಾಕು, ಕಥೆ ಮುಗಿಯುವವರೆಗೂ ಓಟ. ಹಿಂದೆ ತಿರುಗಿ ತಿದ್ದುವಂತಿಲ್ಲ. ಕಥೆ ಏನು ಅನ್ನೋದು ಅವರಿಗೇ ತಿಳಿಯೋದು ಈ ಹಂತದಲ್ಲಿ. ಎರಡನೇ ಸುತ್ತಿನಲ್ಲಿ ಮೊದಲ ಪುಟದಿಂದ ಶುರುಮಾಡಿ, ಎಲ್ಲಿ ಏನು ತಪ್ಪಿದೆ ಅಂತ ಹುಡುಕಿ ಸರಿಮಾಡುತ್ತಾರೆ, ಪಾತ್ರಗಳಿಗೆ ಮೈ ತುಂಬುತ್ತಾರೆ. ಮೂರನೇ ಸುತ್ತು ಭಾಷೆಗೆ ಪಾಲಿಶ್. ಆಮೇಲೆ ಎಡಿಟರ್ ಕೈಗೆ. ಕೆಟ್ಟದಾಗಿ ಬರೆದ ಪುಟವನ್ನು ರಿಪೇರಿ ಮಾಡಬಹುದು, ಖಾಲಿ ಪುಟವನ್ನು ಮಾಡೋಕಾಗಲ್ಲ ಅನ್ನೋದು ಅವರ ಪ್ರಸಿದ್ಧ ಮಾತಿನ ತಾತ್ಪರ್ಯ. ಕೋಡ್ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರರ್ ಬಂದರೆ ಡಿಬಗ್ ಮಾಡಬಹುದು, ಖಾಲಿ ಫೈಲ್‌ನಲ್ಲಿ ಡಿಬಗ್ ಮಾಡೋದು ಏನನ್ನು?

ಪ್ರೇಮ ಕಾದಂಬರಿಗೊಂದು ಸ್ಪೆಸಿಫಿಕೇಶನ್ನೂ ಇದೆ. ಇಬ್ಬರ ಪ್ರೀತಿಯೇ ಕಥೆಯ ನಡುಗಂಬ ಆಗಿರಬೇಕು, ಕೊನೆ ಸುಖಾಂತ್ಯ ಅಥವಾ ಕನಿಷ್ಠ ಭರವಸೆ ಮೂಡಿಸುವಂತೆ ಇರಬೇಕು. ಕೊನೆ ಏನು ಅಂತ ಓದುಗರಿಗೆ ಮೊದಲೇ ಗೊತ್ತು. ಇಬ್ಬರೂ ಒಂದಾಗುತ್ತಾರೆ ಅಂತ ತಿಳಿದಿದ್ದರೂ, "ಈಗೇನಪ್ಪಾ ಆಗುತ್ತೆ?" ಅಂತ ಪುಟ ತಿರುಗಿಸುವಂತೆ ಮಾಡಬೇಕು. ಅದನ್ನು 200 ಸಲ ಮಾಡಿ ನೋಡಿ!

ಬರವಣಿಗೆಯ ವೇಗ ಎಷ್ಟಿತ್ತೆಂದರೆ ಒಂದೇ ಹೆಸರಿನಲ್ಲಿ ಅಷ್ಟೊಂದು ಪುಸ್ತಕ ತರಲು ಪ್ರಕಾಶಕರಿಗೇ ಕಷ್ಟವಾಯಿತು. ಪೆಪ್ಸಿ ಇದೆ, ಡಯಟ್ ಪೆಪ್ಸಿಯೂ ಇದೆಯಲ್ಲ ಅಂತ ಅವರ ಏಜೆಂಟ್ ಉದಾಹರಣೆ ಕೊಟ್ಟು ಇನ್ನೊಂದು ಹೆಸರಿಗೆ ಒಪ್ಪಿಸಿದರು. ಮಕ್ಕಳಾದ ಜೇಸನ್ ಮತ್ತು ಡ್ಯಾನ್ ಹೆಸರಿನ ಮೊದಲಕ್ಷರ ಸೇರಿಸಿ 'ಜೆ. ಡಿ. ರಾಬ್' ಹುಟ್ಟಿದ್ದು ಹಾಗೆ. 1995ರಲ್ಲಿ ಶುರುವಾದ ಆ ಪತ್ತೇದಾರಿ ಸರಣಿಯಲ್ಲಿ ಈಗ 50ಕ್ಕೂ ಹೆಚ್ಚು ಪುಸ್ತಕಗಳಿವೆ.

ಇಷ್ಟೇ ಆಗಿದ್ದರೆ ಇದು "ಕಷ್ಟಪಟ್ಟರೆ ಫಲ ಉಂಟು" ಅನ್ನುವ ಇನ್ನೊಂದು ಕಥೆ ಆಗುತ್ತಿತ್ತು. ನನ್ನನ್ನು ತಡೆದು ನಿಲ್ಲಿಸಿದ್ದು 1997ರ ಘಟನೆ. ಓದುಗರೊಬ್ಬರು ಜ್ಯಾನೆಟ್ ಡೇಲಿ ಮತ್ತು ನೋರಾ ಇಬ್ಬರ ಪುಸ್ತಕಗಳನ್ನೂ ಓದುತ್ತಿದ್ದಾಗ, ಎರಡರಲ್ಲೂ ಒಂದೇ ಥರದ ಸಾಲುಗಳು ಕಣ್ಣಿಗೆ ಬಿದ್ದವು. ಅವನ್ನು ಅಕ್ಕಪಕ್ಕ ಇಟ್ಟು ಇಂಟರ್ನೆಟ್‌ನಲ್ಲಿ ಹಾಕಿದರು. ನೋರಾ ಪುಸ್ತಕಗಳಿಂದ ಎತ್ತಿಕೊಂಡಿದ್ದು ನಿಜ ಅಂತ ಡೇಲಿ ಒಪ್ಪಿಕೊಂಡರು, ಮಾನಸಿಕ ತೊಂದರೆಯಿಂದ ಹೀಗಾಯಿತು ಅಂದರು. ವಿಷಯ ಕೋರ್ಟಿನ ಮೆಟ್ಟಿಲೇರಿ ರಾಜಿಯಲ್ಲಿ ಮುಗಿಯಿತು. ಬಂದ ಹಣವನ್ನು ನೋರಾ ಸಾಕ್ಷರತೆಯ ಕೆಲಸಕ್ಕೆ ಕೊಟ್ಟರು.

ಡೇಲಿ ಸೋಮಾರಿಯೇನಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ದಿನಕ್ಕೆ 15 ಪುಟ ಮುಗಿಸುವ ಗುರಿ ಇಟ್ಟುಕೊಂಡಿದ್ದವರು. ಅಮೆರಿಕದ 50 ರಾಜ್ಯಗಳಿಗೂ ಒಂದೊಂದು ಕಾದಂಬರಿ ಬರೆದವರು. ಕುರ್ಚಿಯಲ್ಲಿ ಕೂರೋ ಶಿಸ್ತು ಇಬ್ಬರಿಗೂ ಇತ್ತು. ಹಾಗಾದರೆ ವ್ಯತ್ಯಾಸ ಎಲ್ಲಿ? ನನಗೆ ತೋಚಿದ್ದು ಇದು: ಪುಟ ತುಂಬಲೇಬೇಕು ಅನ್ನೋ ಒತ್ತಡ ಬಂದಾಗ ಎರಡು ದಾರಿ ಇರುತ್ತವೆ. ನಮ್ಮದೇ ಕೆಟ್ಟ ಪುಟ ಬರೆಯೋದು, ಇಲ್ಲವೇ ಇನ್ನೊಬ್ಬರ ಒಳ್ಳೆಯ ಪುಟ ಎತ್ತಿಕೊಳ್ಳೋದು. ಕೆಟ್ಟದಾಗಿ ಬರೆಯೋಕೆ ನಾಚಿಕೆಪಡುವವರಿಗೆ ಎರಡನೇ ದಾರಿಯೇ ಹತ್ತಿರ ಕಾಣುತ್ತದೆ.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಪೀಠಿಕೆಯ ಎರಡು ಪುಟ ನನ್ನದಲ್ಲ. ಸೀನಿಯರ್ ಒಬ್ಬರ ರಿಪೋರ್ಟ್‌ನಿಂದ ಎತ್ತಿ, ಅಲ್ಲೊಂದು ಇಲ್ಲೊಂದು ಪದ ಬದಲಿಸಿದ್ದು. ಯಾರೂ ಹಿಡಿಯಲಿಲ್ಲ, ಮಾರ್ಕ್ಸೂ ಬಂತು. "ಎಲ್ಲರೂ ಮಾಡ್ತಾರೆ ಬಿಡು" ಅಂತ ಸಮಾಧಾನ ಮಾಡಿಕೊಂಡಿದ್ದೆ. ಈಗ ಆ ರಿಪೋರ್ಟ್ ತೆಗೆದು ನೋಡಿದರೆ ಆ ಎರಡು ಪುಟದಲ್ಲಿ ನನಗೆ ನೆನಪಿರೋದು ಏನೂ ಇಲ್ಲ. ಒದ್ದಾಡಿ ಬರೆದ ನಾಲ್ಕನೇ ಅಧ್ಯಾಯ, ವ್ಯಾಕರಣ ತಪ್ಪಿದ್ದರೂ, ಪೂರ್ತಿ ನೆನಪಿದೆ.

ಈ ಲೇಖನದ ಮೊದಲ ಡ್ರಾಫ್ಟ್ ಕೂಡ ಕೆಟ್ಟದಾಗಿಯೇ ಇತ್ತು. ನೋರಾ ಹೇಳಿದ ಹಾಗೆ ಎರಡು ಸಲ ಕೂತು ತಿದ್ದಿದ್ದೀನಿ. ಇನ್ನೂ ತಪ್ಪುಗಳಿದ್ದರೆ ಸಂಪಾದಕರು ಬೈದು ಸರಿಮಾಡಲಿ. ನೀವೂ "ಮೂಡ್ ಬರಲಿ" ಅಂತ ಮುಂದಕ್ಕೆ ಹಾಕುತ್ತಾ ಬಂದ ಕಥೆಯೋ ಕವನವೋ ಇದ್ದರೆ, ಇವತ್ತು ರಾತ್ರಿ ಒಂದು ಕೆಟ್ಟ ಪುಟ ಬರೆದಿಡಿ. ನಾಳೆ ತಿದ್ದೋಕೆ ಏನಾದರೂ ಇರುತ್ತೆ.