ಹತ್ತಿಯ ಹಣದಲ್ಲಿ ಎದ್ದ ಗ್ರಂಥಾಲಯ

ಮುಂಬಯಿಯ ಓವಲ್ ಮೈದಾನದ ಎದುರು ನಿಂತಿರುವ ರಾಜಾಬಾಯಿ ಗಡಿಯಾರ ಗೋಪುರವನ್ನು ಅರಿಯದವರಿಲ್ಲ. ಸುಮಾರು 85 ಮೀಟರ್ ಎತ್ತರದ ಆ ಗೋಪುರದ ಬುಡದಲ್ಲಿರುವುದು ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯ ಎನ್ನುವುದು ಮಾತ್ರ ಎಷ್ಟೋ ಜನರಿಗೆ ಗೊತ್ತಿಲ್ಲ.

ಈ ಕಟ್ಟಡಕ್ಕೆ ದುಡ್ಡು ಹುಟ್ಟಿದ್ದು ಅಮೆರಿಕದ ಅಂತರ್ಯುದ್ಧದಿಂದ. 1861ರಲ್ಲಿ ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು, ಕುಮಟಾ ಬಂದರಿನಿಂದ ಮುಂಬಯಿ ಸೇರುತ್ತಿದ್ದ ಕಾಲವದು. ಈ ವಹಿವಾಟಿನಲ್ಲಿ ಕೋಟ್ಯಧೀಶನಾದ ಜೈನ ವ್ಯಾಪಾರಿ ಪ್ರೇಮಚಂದ್ ರಾಯಚಂದ್, 1864ರಲ್ಲಿ ಗ್ರಂಥಾಲಯಕ್ಕೆ 2 ಲಕ್ಷ, ತಾಯಿ ರಾಜಾಬಾಯಿಯ ಹೆಸರಿನ ಗೋಪುರಕ್ಕೆ ಮತ್ತೆ 2 ಲಕ್ಷ ರೂಪಾಯಿ ಕೊಟ್ಟ. ಮರುವರ್ಷವೇ ಯುದ್ಧ ಮುಗಿದು ಹತ್ತಿ ಬೆಲೆ ಕುಸಿಯಿತು, ಬ್ಯಾಂಕುಗಳು ಮುಳುಗಿದವು, ಪ್ರೇಮಚಂದನೂ ನೆಲಕಚ್ಚಿದ. ದಾನ ಒಂದೆರಡು ವರ್ಷ ತಡವಾಗಿದ್ದರೆ ಆಗುತ್ತಲೇ ಇರಲಿಲ್ಲ. ಕಣ್ಣು ಕಾಣದ ತಾಯಿ ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮುಂಚೆ ಊಟ ಮಾಡಲೆಂದು ಗಂಟೆ ಕಟ್ಟಿಸಿದ ಎಂಬ ಕಥೆಯೂ ಉಂಟು. ಕೇಳಲು ಚೆಂದ, ಆದರೆ ಗೋಪುರ ಮುಗಿಯಲು ಮುಂದೆ 14 ವರ್ಷ ಹಿಡಿಯಿತು!

ನಕ್ಷೆ ಲಂಡನ್ನಿನ ಜಾರ್ಜ್ ಗಿಲ್ಬರ್ಟ್ ಸ್ಕಾಟ್‌ನದು. ಆತ ಮುಂಬಯಿಗೆ ಕಾಲಿಡಲೇ ಇಲ್ಲ. 1869ರ ಮಾರ್ಚ್ 1ರಂದು ಅಡಿಗಲ್ಲು ಬಿತ್ತು. ಕಟ್ಟಡ ಪೂರ್ಣಗೊಂಡ 1878ರ ನವೆಂಬರಿಗೆ ಸ್ಕಾಟ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಮೊನಚು ಕಮಾನು, ಸುರುಳಿ ಮೆಟ್ಟಿಲು, ಬಣ್ಣದ ಗಾಜಿನ ಕಿಟಕಿ ಎಲ್ಲವೂ ಯುರೋಪಿನ ಗಾಥಿಕ್ ಇಗರ್ಜಿಗಳ ಶೈಲಿ. ಕಲ್ಲು ಮಾತ್ರ ಇಲ್ಲಿಯದೇ, ಕುರ್ಲಾದ್ದು. ನನ್ನ ಮೆಚ್ಚುಗೆಯೆಲ್ಲ ಗೋಪುರದ ಮೇಲಿನ 24 ವಿಗ್ರಹಗಳಿಗೆ. ಇಗರ್ಜಿಯಾಗಿದ್ದರೆ ಸಂತರು ನಿಲ್ಲುತ್ತಿದ್ದ ಜಾಗದಲ್ಲಿ ಪಶ್ಚಿಮ ಭಾರತದ ನಾನಾ ಜಾತಿಗಳ ಜನ ತಮ್ಮ ತಮ್ಮ ಉಡುಗೆಯಲ್ಲಿ ನಿಂತಿದ್ದಾರೆ. ಇವನ್ನು ರೂಪಿಸಿದವರು ಇಲ್ಲಿಯವರೇ ಆದ ಎಂಜಿನಿಯರ್ ಮುಕುಂದ ರಾಮಚಂದ್ರ.

ಕನ್ನಡಿಗರಿಗೆ ಇದು ಪರರ ಮನೆಯಲ್ಲ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟುವವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದ ಕಾಲೇಜುಗಳಿಗೆ ಮುಂಬಯಿಯೇ ವಿಶ್ವವಿದ್ಯಾಲಯ. ಬೇಂದ್ರೆ, ಗೋಕಾಕರು ಪಡೆದದ್ದೂ ಇದರ ಪದವಿಯನ್ನೇ.

2015ರ ಹೊತ್ತಿಗೆ ಕಟ್ಟಡದ ದುರಸ್ತಿ ಮುಗಿಯಿತು. 2018ರಲ್ಲಿ ಸುತ್ತಲಿನ ಕಟ್ಟಡಗಳ ಜತೆಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಚರ್ಚ್‌ಗೇಟ್ ನಿಲ್ದಾಣದಿಂದ ನಡೆದೇ ಹೋಗಬಹುದು. ಮಧ್ಯಾಹ್ನದ ಮೇಲೆ ಹೋಗಿ; ಪಡುವಣ ಬಿಸಿಲು ಮುಂಭಾಗಕ್ಕೆ ಬೀಳುತ್ತದೆ. ದುರ್ಬೀನು ಇದ್ದರೆ ಒಯ್ಯಿರಿ, ವಿಗ್ರಹಗಳು ಬಲು ಎತ್ತರದಲ್ಲಿವೆ.